ಕೂಡಿಸಿ ಹೊಲಿದ ಕಾಲು

ದರ್ಜಿಯ ಮಗಳಿಗೆ ಮನೆಯಲ್ಲಿಟ್ಟ ಅಡ್ಡಹೆಸರು ಮಿಡತೆ. ಅಜ್ಜಿಯ ಬಾಯಿಂದ ಅದು ಆಸ್ಪತ್ರೆಯ ವಾರ್ಡಿಗೆಲ್ಲ ಹಬ್ಬಿತ್ತು. ಏಳು ವರ್ಷದ ಆ ಮಿಡತೆ ಈಗ ಹನ್ನೊಂದು ದಿನದಿಂದ ಮಿಸುಕುವಂತಿರಲಿಲ್ಲ. ಲಾರಿಯ ಚಕ್ರ ಉಜ್ಜಿಕೊಂಡು ಹೋಗಿ ಬಲಗಾಲಿನ ಚರ್ಮ, ಮಾಂಸ ಎರಡೂ ಸುಲಿದು, ಮೊಣಕಾಲ ಕೆಳಗೆ ಎಲುಬು ಬೆಳ್ಳಗೆ ಕಾಣುತ್ತಿತ್ತು. ಎಲುಬಿಗೆ ಹೊದಿಕೆ ಸಿಗದಿದ್ದರೆ ಕೊಳೆಯುತ್ತದೆ, ಕೊಳೆತರೆ ಕಾಲನ್ನೇ ತೆಗೆಯಬೇಕು ಎಂದು ಡಾಕ್ಟರಮ್ಮ ಮೊದಲ ದಿನವೇ ಹೇಳಿಬಿಟ್ಟಿದ್ದರು.

"ನನ್ನ ತೊಡೆಯಿಂದ ತಗೊಳ್ಳಿ," ಎಂದಿದ್ದ ದರ್ಜಿ.

"ನಿಮ್ಮದು ಅವಳ ಮೈಗೆ ಹಿಡಿಯಲ್ಲಪ್ಪ. ಅವಳದ್ದೇ ಬೇಕು."

ಹಾಗಾಗಿ ಎಡಗಾಲಿನ ಮೀನಖಂಡದಿಂದ ಅಂಗೈಯಗಲದ ಮಾಂಸವನ್ನು ಮೂರು ಕಡೆ ಬಿಡಿಸಿ, ನಾಲ್ಕನೆಯ ಅಂಚನ್ನು ಅಲ್ಲೇ ಬಿಟ್ಟು, ಬಲಗಾಲಿನ ಗಾಯದ ಮೇಲೆ ಹೊಲಿದರು. ಬಲಗಾಲು ತಾನೇ ಅದಕ್ಕೆ ರಕ್ತ ಕೊಡುವವರೆಗೆ, ಅಂದರೆ ಮೂರು ವಾರ, ಎಡಗಾಲೇ ಸಾಕಬೇಕು. ಹೊಕ್ಕುಳಬಳ್ಳಿ ಕೊಯ್ಯದ ಕೂಸಿನ ಹಾಗೆ. ಅದಕ್ಕೇ ಎರಡೂ ಕಾಲನ್ನು ಒಂದರ ಮೇಲೊಂದಿಟ್ಟು ಬಿಗಿಯಾಗಿ ಕಟ್ಟಿದ್ದರು.

"ನಿಮ್ಮಪ್ಪ ಕೆಲಸ ಕಲಿಯೋವಾಗ ಯಾರದ್ದೋ ಪ್ಯಾಂಟಿನ ಎರಡೂ ಕಾಲು ಸೇರಿಸಿ ಹೊಲಿದಿದ್ದ," ಎಂದು ಅಜ್ಜಿ ಮೊಮ್ಮಗಳನ್ನು ನಗಿಸುತ್ತಿದ್ದಳು. "ಆ ಮನುಷ್ಯ ಥೇಟ್ ನಿನ್ನ ಹಾಗೇ ಬಿದ್ದುಕೊಂಡಿದ್ದ ನೋಡು."

"ಅಮ್ಮಾ, ಇನ್ನೂ ಎಷ್ಟು ವರ್ಷ ಆಡ್ಕೊಳ್ತೀಯ?" ಎನ್ನುತ್ತಿದ್ದ ದರ್ಜಿ.

ಹನ್ನೊಂದನೆಯ ದಿನ ಮಧ್ಯಾಹ್ನ ಅಜ್ಜಿ ಬಟ್ಟೆ ಒಗೆಯಲು ಹೋಗಿದ್ದಳು. ಮಗು ಒಂದೇ ಸಮನೆ ಅಳತೊಡಗಿತು. "ಅಪ್ಪಾ, ಒತ್ತುತ್ತಿದೆ. ಚೂರು ಸಡಿಲ ಮಾಡು."

ಕಟ್ಟನ್ನು ಯಾರೂ ಮುಟ್ಟಬಾರದು ಎಂದು ಡಾಕ್ಟರಮ್ಮ ಹೇಳಿದ್ದು ದರ್ಜಿಗೆ ನೆನಪಿತ್ತು. ಆದರೆ ಕಸುಬಿನವನಿಗೆ ಕಣ್ಣೇ ಅಳತೆಪಟ್ಟಿ. ಬಿಗಿಯಾದದ್ದನ್ನು ಎಷ್ಟು ಬಿಡಬೇಕೆಂದು ನೋಡಿಯೇ ಹೇಳಬಲ್ಲವನು ಅವನು. ಅರ್ಧ ಇಂಚು ಬಿಟ್ಟರೆ ಏನಾದೀತು ಎಂದುಕೊಂಡು, ಜೇಬಿನಿಂದ ನೂಲು ಕಡಿಯುವ ಪುಟ್ಟ ಕತ್ತರಿ ತೆಗೆದು ಕಟ್ಟಿನ ಎರಡು ಸುತ್ತು ಕತ್ತರಿಸಿದ. ಮಗು ಹಾಯಾಗಿ ನಿದ್ದೆಹೋಯಿತು. ಅವನಿಗೂ ಜೊಂಪು ಹತ್ತಿತು.

ಬಟ್ಟೆ ಹಿಂಡಿಕೊಂಡು ಬಂದ ಅಜ್ಜಿಯ ಕೂಗಿಗೆ ಎಚ್ಚರವಾಯಿತು. ಮಗು ನಿದ್ದೆಯಲ್ಲಿ ಮಗ್ಗುಲಾಗಿತ್ತು, ಕಾಲು ಜಾರಿತ್ತು. ಬೆಳಗ್ಗೆ ನಸುಗೆಂಪಾಗಿದ್ದ ಮಾಂಸ ತಿರುಚಿಕೊಂಡು ನೀಲಿಗಟ್ಟಿತ್ತು.

ಡಾಕ್ಟರಮ್ಮ ಓಡಿಬಂದರು. "ಕಟ್ಟು ಹೇಗೆ ಬಿಚ್ಚಿತು?"

ದರ್ಜಿ ಬಾಯಿ ತೆರೆಯುವ ಮೊದಲೇ ಅಜ್ಜಿ ಅಡ್ಡ ಬಂದಳು. "ಮಗು ಒದ್ದಾಡ್ತು ತಾಯಿ, ಅದೇ ಹರೀತು."

"ಹರಿದಿಲ್ಲ ಅಜ್ಜಿ, ಕತ್ತರಿಸಿದ್ದಾರೆ. ಯಾರು ಅಂತ ನನಗೆ ಬೇಡ. ಯಾವಾಗ, ಅಷ್ಟು ಹೇಳಿ. ಒಂದು ಗಂಟೆ ಆಗಿದ್ರೆ ಸರಿ ಮಾಡೋಕೆ ನೋಡ್ತೀನಿ. ಬೆಳಗ್ಗೆಯಿಂದ ಹೀಗಿದ್ರೆ ಇದು ಸತ್ತಿದೆ. ಕಿತ್ತು ಹಾಕಬೇಕು."

"ನಾನೇ," ಎಂದ ದರ್ಜಿ. "ಊಟದ ತಟ್ಟೆ ತಗೊಂಡು ಹೋದಮೇಲೆ. ಒಂದು ಗಂಟೆ ಆಗಿರಬೇಕು. ನಾನೇ ಕತ್ತರಿಸಿದೆ."

ಡಾಕ್ಟರಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಮೇಲಾಗುತ್ತಿತ್ತು. ಕಾಲುಗಳನ್ನು ಮೊದಲಿನ ಹಾಗೆ ಕೂಡಿಸಿ, "ಹೀಗೇ ಹಿಡ್ಕೊಳ್ಳಿ, ಉಸಿರಾಡಿದ್ರೂ ಅಲ್ಲಾಡಬಾರದು," ಎಂದು ಅವನ ಕೈಗಿತ್ತರು. ನಾಲ್ಕು ಹೊಲಿಗೆ ಬಿಚ್ಚಿದರು. ಕಪ್ಪು ರಕ್ತ ಜಿನುಗಿತು. ಬೆರಳಿಂದ ಒತ್ತಿದರು, ಕಾದರು, ಮತ್ತೆ ಒತ್ತಿದರು. ಬಹಳ ಹೊತ್ತಿನ ಮೇಲೆ ನಡುಭಾಗ ಒತ್ತಿದಲ್ಲಿ ಬಿಳಿಚಿ, ನಿಧಾನಕ್ಕೆ ಕೆಂಪಾಯಿತು; ರಕ್ತ ಮತ್ತೆ ಹರಿಯತೊಡಗಿತ್ತು. ಒಂದು ಅಂಚು, ಎರಡು ಬೆರಳಗಲ, ಕಪ್ಪಾಗಿಯೇ ಉಳಿಯಿತು.

"ಅಂಚು ಹೋಯ್ತು," ಎಂದರು ಡಾಕ್ಟರಮ್ಮ. "ಉಳಿದದ್ದು ಎಲುಬಿಗೆ ಸಾಲುತ್ತಾ ಅಂತ ಇವತ್ತು ಹೇಳೋಕಾಗಲ್ಲ."

ನರ್ಸು ಈ ಸಲ ಪ್ಲಾಸ್ಟರಿನ ಕಟ್ಟು ಹಾಕಿದಳು. ಅದು ಒಣಗಿ ಗಟ್ಟಿಯಾಯಿತು. "ಇನ್ನು ಬಿಡಿ ಅಣ್ಣ," ಎಂದಳು.

ದರ್ಜಿ ಬಿಡಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂತು, ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.