ಎರಡು ಮೇಜು, ಒಂದೇ ವೈನ್

ರೆಸ್ಟೋರೆಂಟಿನ ಬಾಗಿಲಲ್ಲಿ ನಿಂತವನು ತನ್ನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದ ಎಂದು ಅವಳಿಗೆ ಅನಿಸಿತು. ಇಲ್ಲೂ ಗುಮಾನಿ ಶುರು.

ಅವಳ ಕೆಲಸವೇ ಅಂಥದ್ದು. ಒಳ್ಳೆಯ ವೈನ್ ಇಟ್ಟ ರೆಸ್ಟೋರೆಂಟಿಗೆ ಹೋಟೆಲುಗಳ ಸಂಘದವರು ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುತ್ತಾರೆ. ಅದಕ್ಕೆ ಅಂಕ ಹಾಕುವವರಲ್ಲಿ ಅವಳೂ ಒಬ್ಬಳು. ಹೇಳದೆ ಕೇಳದೆ ಹೋಗಿ, ಎಲ್ಲ ಗಿರಾಕಿಗಳ ಹಾಗೆ ಕೂತು, ಕುಡಿದು, ಎದ್ದು ಬರಬೇಕು. ಆದರೆ ಈಚೆಗೆ ಎಲ್ಲಿಗೆ ಹೋದರೂ ಅವಳ ಗ್ಲಾಸಿನಲ್ಲಿ ಹುಡುಕಿದರೂ ಒಂದು ತಪ್ಪು ಸಿಗುತ್ತಿರಲಿಲ್ಲ. ಅಷ್ಟೊಂದು ಒಳ್ಳೆಯತನ ಅವಳಿಗೆ ಅರಗುತ್ತಿರಲಿಲ್ಲ. ಗುರುತು ಸಿಕ್ಕಿ, ತನಗೆಂದೇ ಬೇರೆ ಬಾಟಲಿ ತೆಗೆಯುತ್ತಿದ್ದಾರೋ ಏನೋ.

ಅದಕ್ಕೇ ಸ್ಟೀಕ್‌ಗೆ ಹೆಸರಾದ ಈ ದುಬಾರಿ ಜಾಗಕ್ಕೆ ಮೈದುನನನ್ನೂ ಎಳೆದುಕೊಂಡು ಬಂದಿದ್ದಳು. ಅವನು ಹಲ್ಲಿನ ಡಾಕ್ಟರು. ಇಬ್ಬರೂ ಬೇರೆ ಬೇರೆ ಬಂದು, ಪರಿಚಯವೇ ಇಲ್ಲದವರ ಹಾಗೆ ದೂರ ದೂರ ಕೂತು, ಒಂದೇ ಕೆಂಪು ವೈನ್ ತರಿಸಬೇಕು; ಆಮೇಲೆ ಎರಡನ್ನೂ ಹೋಲಿಸಿ ನೋಡಬೇಕು. ಅವಳ ಭಯವೆಲ್ಲ ಮೈದುನನ ಬಾಯಿಯದ್ದೇ. ನಾದಿನಿಯ ಮದುವೆ ಮಾತುಕತೆ ಮುಗಿಯುವ ಮೊದಲೇ ಅರ್ಧ ಬಳಗಕ್ಕೆ ಸುದ್ದಿ ಹಬ್ಬಿದ್ದು ಅವನ ಕ್ಲಿನಿಕ್ಕಿನಿಂದಲೇ. ಅಲ್ಲಿ ಕುರ್ಚಿಯಲ್ಲಿ ಮಲಗಿದವರು ಬಾಯಿ ತೆರೆದಿದ್ದರೂ ಮಾತಾಡುವ ಹಾಗಿಲ್ಲ; ಮಾತೆಲ್ಲ ಅವನದೇ.

"ಡಾಕ್ಟ್ರೇ, ಅಲ್ಲಿ ಯಾರ ಹತ್ರಾನೂ ಒಂದಕ್ಷರ ಬಾಯಿ ಬಿಡಬೇಡ," ಎಂದು ಮನೆಯಲ್ಲೇ ಎಚ್ಚರಿಸಿದ್ದಳು.

"ಅಯ್ಯೋ ಅತ್ತಿಗೆ, ಹಲ್ಲು ಕಚ್ಕೊಂಡು ಕೂತಿರ್ತೀನಿ, ಸಾಕಾ?"

ಈಗ ತನ್ನ ಮೇಜಿನಲ್ಲಿ ಕೂತು ವೈನ್ ಪಟ್ಟಿಯನ್ನು ಗಮನವಿಟ್ಟು ಓದಿದಳು. ಯಾರೋ ಬಲ್ಲವರೇ ಆರಿಸಿದ್ದು. ಕೊಬ್ಬಿರುವ ಮಾಂಸಕ್ಕೆ ಒಗರು ವೈನ್‌ಗಳು, ತೆಳು ತುಂಡುಗಳಿಗೆ ಹಗುರವಾದವು. ಅಗ್ಗದವು ಕೂಡ ಮರ್ಯಾದಸ್ಥವೇ. ಮೊದಲೇ ಗೊತ್ತು ಮಾಡಿದ್ದ ವೈನನ್ನು ಒಂದು ಗ್ಲಾಸ್ ಹೇಳಿದಳು. ವೈನ್ ಬಡಿಸುವವನು ಅದನ್ನು ಎಲ್ಲೋ ಒಳಗೇ ಸುರಿದು ತಂದು, ಮುಖವನ್ನೂ ನೋಡದೆ ಇಟ್ಟು ಹೋದ.

ಮೂಗಿನ ಹತ್ತಿರ ತಂದಳು. ಕೊಯ್ದು ಗಾಳಿಗೆ ಬಿಟ್ಟ ಸೇಬಿನ ವಾಸನೆ, ಹಿಂದೆಯೇ ಹುಳಿ. ಬಾಟಲಿ ತೆರೆದು ಬಹಳ ದಿನವಾಗಿತ್ತು.

ಹಾಗಾದರೆ ಇವರಿಗೆ ತಾನು ಯಾರೆಂದು ಗೊತ್ತಿಲ್ಲ! ಒಳಗೊಳಗೇ ಸಮಾಧಾನವಾಯಿತು. ಆದರೆ ಕಂಬದ ಪಕ್ಕದಲ್ಲಿದ್ದ ಮೈದುನನ ಮೇಜಿನ ಕಡೆ ನೋಡಿದ್ದೇ ಅದೆಲ್ಲ ಹಾರಿಹೋಯಿತು. ಬೂದು ಸೂಟಿನ ಮಾಲೀಕ ಖುದ್ದಾಗಿ ಬಂದು ಅವನೆದುರು ಹೊಸ ಬಾಟಲಿ ಬಿಚ್ಚುತ್ತಿದ್ದಾನೆ! ಮೈದುನ ಹಲ್ಲೆಲ್ಲ ಬಿಟ್ಟು ನಗುತ್ತಿದ್ದಾನೆ.

'ಬಾಯಿ ಬಿಟ್ಟಿದ್ದಾನೆ. ಅಂಕ ಹಾಕುವವರ ಕಡೆಯವನು ಅಂದಿರಬೇಕು,' ಎಂದುಕೊಂಡಳು.

ಎದ್ದು, ಅವನ ಮೇಜಿನ ಪಕ್ಕ ಒಮ್ಮೆ ಕೆಮ್ಮಿ, ಕೈ ತೊಳೆಯುವ ಕಡೆ ನಡೆದಳು. ಅವನು ಗ್ಲಾಸ್ ಹಿಡಿದುಕೊಂಡೇ ಹಿಂದೆ ಬಂದ. ಅವಳು ಅದನ್ನು ಕಿತ್ತುಕೊಂಡು ಒಂದು ಗುಟುಕು ಕುಡಿದಳು. ಮಾಗಿದ ಹಣ್ಣಿನ ಹಾಗೆ ಜೀವ ತುಂಬಿದ ವೈನ್!

"ಏನು ಹೇಳ್ದೆ ಅವರಿಗೆ?"

"ಏನೂ ಹೇಳ್ಲಿಲ್ಲ ಅತ್ತಿಗೆ!"

"ಸುಮ್ಸುಮ್ನೆ ಮಾಲೀಕರೇ ಬಂದು ಬಡಿಸ್ತಾರಾ? ನಿನ್ನ ತಂಗಿ ಮದುವೆ ವಿಷಯದಲ್ಲೂ ಹೀಗೇ ಅಂದಿದ್ದೆ."

ಅವನ ಮುಖ ಹುಳ್ಳಗಾಯಿತು. "ನಿಮಗೆ ನನ್ನ ಮೇಲೆ ನಂಬಿಕೆ ಇಲ್ದೇ ಇದ್ರೆ ಯಾಕೆ ಕರ್ಕೊಂಡ್ ಬಂದ್ರಿ?" ಎಂದವನೇ ತಿರುಗಿ ಹೋದ.

ತನ್ನ ಜಾಗಕ್ಕೆ ಮರಳಿ, ಬಡಿಸುವವನನ್ನು ಕರೆದಳು. "ಇದು ಕೆಟ್ಟಿದೆ. ಬೇರೆ ಕೊಡಿ."

"ಈ ವೈನೇ ಹೀಗೆ ಮೇಡಂ. ಅಭ್ಯಾಸ ಇಲ್ದೋರಿಗೆ ಹಾಗೆ ಅನ್ಸುತ್ತೆ."

ಇಪ್ಪತ್ತು ವರ್ಷ ವೈನ್ ಮೂಸಿದ ಮೂಗಿಗೆ ಸಿಕ್ಕ ಮರ್ಯಾದೆ! ಸಿಟ್ಟು ನುಂಗಿಕೊಂಡು ಮತ್ತೆ ಆ ಕಡೆ ನೋಡಿದಳು. ಮೈದುನ ಮುಖ ಊದಿಸಿಕೊಂಡು ಕೂತಿದ್ದ. ಮುಳ್ಳುಚಮಚವನ್ನು ಕರವಸ್ತ್ರದಿಂದ ತಿಕ್ಕಿ ಒರೆಸಿದ. ಗ್ಲಾಸನ್ನು ದೀಪಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಹಲ್ಲಿನ ಎಕ್ಸ್‌ರೇ ನೋಡುವ ಹಾಗೆ ಅತ್ತಿತ್ತ ವಾಲಿಸಿ ನೋಡಿದ. ಕಂಬದ ಮರೆಯಲ್ಲಿ ಮಾಲೀಕ ಉಸಿರು ಬಿಗಿಹಿಡಿದು ನಿಂತಿದ್ದ. ಮೈದುನ 'ಹ್ಞೂಂ' ಎಂದು ತಲೆಯಾಡಿಸಿದ ಮೇಲೆಯೇ ಅವನ ಭುಜ ಕೆಳಗಿಳಿದದ್ದು.

ಆಗ ಅವಳಿಗೆ ಹೊಳೆಯಿತು. ಪಾಪ, ಮೈದುನ ನಿಜವಾಗಿಯೂ ಏನೂ ಹೇಳಿರಲಿಲ್ಲ. ತೀರ್ಪುಗಾರರು ಬರುವ ಕಾಲ. ಒಂಟಿಯಾಗಿ ಬಂದು, ಎಲ್ಲವನ್ನೂ ಪರೀಕ್ಷಿಸುತ್ತಾ ಕೂತವನನ್ನೇ ಅವರು ತೀರ್ಪುಗಾರ ಎಂದುಕೊಂಡಿದ್ದರು.

ತನ್ನ ಗ್ಲಾಸನ್ನು ಎತ್ತಿಕೊಂಡು ಹೋಗಿ ಅವನ ಗ್ಲಾಸಿನ ಪಕ್ಕ ಇಟ್ಟಳು. ಮಾಲೀಕ ಓಡಿ ಬಂದ.

"ಸರ್, ಈ ಮೇಡಂ ನಿಮಗೆ ತೊಂದರೆ ಕೊಡ್ತಿದಾರಾ?"

ಮೈದುನ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಕೊಡ್ತಾನೇ ಇರ್ತಾರೆ. ನಮ್ಮ ಅತ್ತಿಗೆ."

"ಎರಡೂ ಒಂದೇ ವೈನ್ ಅಂತೆ," ಎಂದಳು ಅವಳು. "ನೀವೇ ಕುಡಿದು ನೋಡಿ."

ಮಾಲೀಕ ಮೊದಲು ಮೈದುನನದ್ದು, ಆಮೇಲೆ ಅವಳದ್ದು ಕುಡಿದ. ಎರಡನೆಯ ಗುಟುಕನ್ನು ನುಂಗಲೂ ಆಗದೆ, ಉಗುಳಲೂ ಆಗದೆ ನಿಂತುಬಿಟ್ಟ. ತಾನು ಯಾರೆಂದು ಅವಳು ಆಗ ಹೇಳಿದಳು. ಮೈದುನ ಯಾರೆಂಬುದನ್ನೂ ಹೇಳಿದಳು.

"ಈಗಲೇ ಹೊಸ ಬಾಟ್ಲಿ ತೆಗಿಸ್ತೀನಿ ಮೇಡಂ. ದಯವಿಟ್ಟು ಕೂತ್ಕೊಳ್ಳಿ."

"ಬೇಡ. ಎಲ್ಲರಿಗೂ ಕೊಡೋದು ಏನು ಅಂತಾನೇ ನಾನು ನೋಡೋಕೆ ಬಂದಿದ್ದು."

ಆಯ್ಕೆಗೆ ಪೂರ್ತಿ ಅಂಕ ಹಾಕಿದಳು, ಬಡಿಸಿದ್ದಕ್ಕೆ ಸೊನ್ನೆ. ಆ ವರ್ಷದ ಪ್ರಶಸ್ತಿ ಬೇರೆಯವರ ಪಾಲಾಯಿತು.

ಆ ದಿನ ಹೊರಗೆ ಬಂದಾಗ ಮೈದುನ ಬಿರಬಿರನೆ ಮುಂದೆ ನಡೆಯುತ್ತಿದ್ದ. ಅವಳು ಬಿರುಸಾಗಿ ಹೆಜ್ಜೆ ಹಾಕಿ ಅವನನ್ನು ಸೇರಿಕೊಂಡಳು.

"ತಪ್ಪಾಯ್ತು ಕಣೋ. ಸುಮ್ನೆ ನಿನ್ನ ಮೇಲೆ ಅನುಮಾನಪಟ್ಟೆ."

"ಅದು ಬಿಡಿ. ಜೀವನದಲ್ಲಿ ಒಂದ್ಸಲ ಅಷ್ಟು ಮರ್ಯಾದೆ ಸಿಕ್ತು, ನೆಮ್ಮದಿಯಾಗಿ ತಿನ್ನೋಕೂ ಬಿಡ್ಲಿಲ್ಲವಲ್ಲ ನೀವು."

ಅವಳಿಗೆ ನಗು ತಡೆಯಲಾಗಲಿಲ್ಲ. ಮುಂದಿನ ಬೀದಿಯಲ್ಲಿ ಒಂದು ಸಾಧಾರಣ ಊಟದ ಮನೆ ತೆರೆದಿತ್ತು. ಇಬ್ಬರೂ ಒಳಗೆ ಹೋಗಿ ಕೂತರು. ಯಾರೂ ತಲೆಯೆತ್ತಿ ನೋಡಲಿಲ್ಲ. ದಪ್ಪ ಗಾಜಿನ ಲೋಟದಲ್ಲಿ ಬಂದ ವೈನನ್ನು ಅವಳು ಮೂಸಿಯೂ ನೋಡದೆ ಒಂದು ಗುಟುಕು ಕುಡಿದು, ಮೈದುನನಿಗೆ ಇಷ್ಟವಾದದ್ದನ್ನೆಲ್ಲ ತರಿಸಲು ಹೇಳಿದಳು.