ಗೀಟು ಹಾಕಿದ ಸಾಲು

ಹಕ್ಕಿಯ ಕೊಕ್ಕು ಹೂವಿಗೆ ಮುಟ್ಟಲಿಲ್ಲ. ಒಂದೇ ಒಂದು ಚೌಕ ಕೆಳಗಿತ್ತು. ಸೊಸೆ ಹೊಲಿಗೆಯ ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದಳು.

ಅತ್ತೆಯ ಕ್ರಾಸ್ ಸ್ಟಿಚ್ ಕಸೂತಿ ಆ ಮನೆಯಲ್ಲಿ ಇನ್ನೊಬ್ಬರು ಮುಟ್ಟುವ ವಸ್ತುವೇ ಅಲ್ಲ. ಮಗಳ ಕೂಸಿಗೆಂದು ಹೂವಿನ ಕೊಂಬೆ ಮುಗಿಸಿ, ಕೆಳಗಿನಿಂದ ಹಕ್ಕಿಯ ಹೊಟ್ಟೆಯವರೆಗೆ ಬಂದಿದ್ದರು. ಅಷ್ಟರಲ್ಲಿ ಕಣ್ಣಿನ ಆಪರೇಷನ್ನಿಗೆ ಹೋಗಬೇಕಾಯಿತು. ಬೇರೆ ದಾರಿಯಿಲ್ಲದೆ ಸೂಜಿಯನ್ನು ಸೊಸೆಯ ಕೈಗಿತ್ತು, "ಎಣಿಸ್ಕೊಂಡು ಹೊಲಿ. ಒಂದು ತಪ್ಪಿದ್ರೆ ಎಲ್ಲಾ ತಪ್ಪುತ್ತೆ," ಎಂದಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಸೊಸೆಯ ಕಾಲ ಬಂದದ್ದೇನೋ ನಿಜ, ಎಡವಿಕೊಂಡು ಬಂತು.

ಇನ್ನೇನು ನಾದಿನಿ ಬರುತ್ತಾಳೆ, ಹಕ್ಕಿಯನ್ನು ಒಯ್ಯಲು. ಅವಳ ನಾಲಿಗೆ ಮೊದಲೇ ಎಲುಬಿಲ್ಲದ್ದು.

ಸೊಸೆ ಮತ್ತೆ ಎಣಿಸಿದಳು. ನಮೂನೆ ಬರೆದ ಚೌಕದ ಹಾಳೆಯಲ್ಲಿ ಮುಗಿದ ಸಾಲುಗಳಿಗೆಲ್ಲ ಗೀಟು. ಕೆಳಗಿನವು ಅತ್ತೆಯ ಪೆನ್ಸಿಲಿನವು, ಮೇಲಿನವು ತನ್ನ ಕೆಂಪು ಪೆನ್ನಿನವು. ಕೆಂಪು ಗೀಟುಗಳೆಷ್ಟೋ ಬಟ್ಟೆಯ ಮೇಲೆ ಸಾಲುಗಳೂ ಅಷ್ಟೇ. ಹಾಗಾದರೆ? ಸೂಜಿಯ ಮೊನೆಯಿಂದ ಅತ್ತೆಯ ಸಾಲುಗಳನ್ನೂ ಎಣಿಸಿದಳು. ಬಟ್ಟೆಯ ಮೇಲೆ ಒಂದು ಸಾಲು ಕಡಿಮೆ ಇತ್ತು.

ಆಗ ಹೊಳೆಯಿತು. ಸೊಸೆ ಹೊಲಿದ ಮೇಲೆ ಗೀಟು ಹಾಕುವವಳು. ಅತ್ತೆ ಹಾಗಲ್ಲ, ಮೊದಲು ಗೀಟು ಹಾಕಿ, ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿ, ಆಮೇಲೆ ಸೂಜಿ ಹಿಡಿಯುವವರು. ಕೊನೆಯ ಸಾಲಿಗೆ ಗೀಟು ಹಾಕಿ, ಹೊಲಿಯದೆ ಆಸ್ಪತ್ರೆಗೆ ಹೊರಟುಬಿಟ್ಟಿದ್ದರು.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಾಗಿನಿಂದ "ಇನ್ನು ನಾನು ಯಾತಕ್ಕೂ ಬರಲ್ಲ" ಎನ್ನುತ್ತಿರುವವರಿಗೆ ಇದನ್ನು ಹೇಗೆ ಹೇಳುವುದು? ಹೇಳದಿದ್ದರೆ ತಪ್ಪು ತನ್ನ ತಲೆಗೆ. ನುಂಗಲೂ ಆಗದು, ಉಗುಳಲೂ ಆಗದು. ಅವಳು ಕತ್ತರಿ ಎತ್ತಿಕೊಂಡು ತನ್ನ ಹೊಲಿಗೆಯನ್ನು ಬಿಚ್ಚತೊಡಗಿದಳು. ಹಕ್ಕಿಯ ಕಣ್ಣು ಹೋಯಿತು, ಕತ್ತು ಹೋಯಿತು. ಅತ್ತೆ ಹೊಲಿದ ಹೊಟ್ಟೆಯಷ್ಟೇ ಉಳಿಯಿತು.

ಬಾಗಿಲು ದೂಡಿಕೊಂಡು ನಾದಿನಿ ಬಂದೇಬಿಟ್ಟಳು.

"ಅಯ್ಯೋ, ಬಿಚ್ತಾ ಇದ್ದೀರಾ? ಅಮ್ಮನ ಕೆಲಸ ಕೆಡಿಸಿಬಿಟ್ರಲ್ಲ ಅತ್ತಿಗೆ!"

"ಹೂಂ. ಎಣಿಕೆ ತಪ್ತು," ಎಂದಳು ಸೊಸೆ, ತಲೆಯೆತ್ತದೆ.

ಗೋಡೆ ಹಿಡಿದುಕೊಂಡು ಅತ್ತೆ ಒಳಗಿನಿಂದ ಬಂದರು. "ಕೊಡಿಲ್ಲಿ," ಎಂದು ಬಟ್ಟೆ ಇಸಿದುಕೊಂಡರು. ಹಕ್ಕಿಯ ಹೊಟ್ಟೆಯ ಮೇಲೆ ಬೆರಳು ನಿಧಾನವಾಗಿ ಮೇಲೇರಿ, ಬಿಚ್ಚಿದ ಅಂಚಿನಲ್ಲಿ ನಿಂತಿತು. ಇನ್ನೊಮ್ಮೆ ಕೆಳಗಿನಿಂದ ಎಣಿಸುತ್ತ ಬಂದು ಮತ್ತೆ ಅಲ್ಲೇ ನಿಂತಿತು.

"ನನ್ನ ಕೊನೇ ಗೀಟಿನ ಸಾಲು ಎಲ್ಲಿ?"

ಸೊಸೆ ಚೌಕದ ಹಾಳೆಯನ್ನು ಮಡಿಸತೊಡಗಿದಳು.

"ಕೆಡಿಸಿದ್ದು ನಾನು ಕಣೇ," ಎಂದರು ಅತ್ತೆ, ಮಗಳಿಗೆ. "ಗೀಟು ಹಾಕಿದ್ದೆ, ಹೊಲಿದಿರಲಿಲ್ಲ. ಅವಳಿಗೆ ಹೇಳೋದು ಮರ್ತೆ. ಇವತ್ತು ಬರಿಗೈಲಿ ಹೋಗು."



ಅತ್ತೆ ಈಗಲೂ ತಮ್ಮ ತುರುಬಿನಲ್ಲೇ ಇದ್ದ ಪೆನ್ಸಿಲನ್ನು ಎಳೆದರು. ಸೊಸೆಯ ತಲೆಯನ್ನು ತಡವಿ, ಅವಳ ತುರುಬಿಗೆ ಸಿಕ್ಕಿಸಿದರು.

"ಇನ್ಮೇಲೆ ನಿನ್ನ ಥರಾನೇ. ಹೊಲಿದಾದ್ಮೇಲೆ ಗೀಟು."

ಮೊನೆ ತಲೆಗೆ ಚುಚ್ಚುತ್ತಿತ್ತು. ಸೊಸೆ ಅಲುಗಾಡಲಿಲ್ಲ.