ಉಳಿದ ಹೆಸರು

ಇಬ್ಬನಿಯನ್ನು ಹೊಗಳುವಾಗಲೆಲ್ಲ ಜನ ಜಾಗಟೆಯ ಮುಖ ನೋಡುತ್ತಿದ್ದರು. ಪಿಸುವಿಗೆ ಉರಿಯುತ್ತಿದ್ದುದು ಅದಕ್ಕೇ.

ಇಬ್ಬನಿ ಎನ್ನುವುದು ಮುಚ್ಚಿಟ್ಟ ಹೆಸರು. ದೊಡ್ಡಮ್ಮನ ಲಾಂಡ್ರಿಯ ಹಿಂದಿನ ಒಣಗಿಸುವ ಕೋಣೆಯಲ್ಲಿ, ಗೋಡೆಗೆ ತಗುಲಿಸಿದ ಟೀವಿಯ ಮೇಲೆ ಅಂಥ ಎಂಟು ಹೆಸರುಗಳಿದ್ದವು. ಅದರ ಕೆಳಗೆ ಕಬ್ಬಿಣದ ಅಟ್ಟಣಿಗೆಯಲ್ಲಿ ಎಂಟು ಮಷೀನುಗಳಿದ್ದವು. ಒಂದನ್ನು ಬಿಟ್ಟು ಉಳಿದವು ಬಿಡುವಿಲ್ಲದೆ ಗುಂಯ್ಗುಡುತ್ತ, ಡಿಜಿಟಲ್ ನಾಣ್ಯಕ್ಕಾಗಿ ಸಂಖ್ಯೆಗಳನ್ನು ಊಹಿಸುತ್ತಿದ್ದವು. ಎಲ್ಲೆಲ್ಲಿಯದೋ ಮಷೀನುಗಳೂ ಅದೇ ಊಹೆಯಲ್ಲಿ ಮುಳುಗಿರುತ್ತವೆ. ಯಾರ ಊಹೆ ಮೊದಲು ಸರಿಯಾಯಿತೋ ನಾಣ್ಯ ಅವರದು. ಒಂಟಿ ಮಷೀನಿಗೆ ಆ ಅದೃಷ್ಟ ಅಪರೂಪ. ಅದಕ್ಕೆಂದೇ ಬೀದಿಯ ಎಂಟು ಮಂದಿ ಕೂಟ ಕಟ್ಟಿಕೊಂಡಿದ್ದರು: ಯಾರ ಮಷೀನಿಗೆ ಹೊಡೆದರೂ ಎಲ್ಲರಿಗೂ ಪಾಲು. ಮಷೀನುಗಳು ಉಗುಳುವ ಬಿಸಿಗಾಳಿಯಲ್ಲಿ ಗಿರಾಕಿಗಳ ಬೆಡ್‌ಶೀಟುಗಳು ಒಣಗುತ್ತಿದ್ದುದರಿಂದ ದೊಡ್ಡಮ್ಮ ಜಾಗಕ್ಕೆ ಬಾಡಿಗೆ ಕೇಳುತ್ತಿರಲಿಲ್ಲ.

ಯಾರ ಹೆಸರು ಯಾವುದೆಂದು ಯಾರಿಗೂ ತಿಳಿಯಬಾರದೆನ್ನುವುದು ದೊಡ್ಡಮ್ಮನದೇ ಕಟ್ಟಪ್ಪಣೆ. "ಪಕ್ಕದವರ ತಟ್ಟೆ ನೋಡ್ಕೊಂಡು ಉಂಡ್ರೆ ಯಾರಿಗೂ ಹೊಟ್ಟೆ ತುಂಬಲ್ಲ ಕಣ್ರಪ್ಪ. ಪಾಲು ಕಾಣ್ಲಿ, ಆಳು ಕಾಣೋದು ಬೇಡ" ಎಂದಿದ್ದಳು. ಆದರೆ ನಾಲಿಗೆ ಇರುವವರ ಬೀದಿಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ವೈರಿಂಗ್ ಕೆಲಸದ ಕರೆಂಟಣ್ಣ "ಹುಲಿ ಅಂದ್ರೆ ನಾನೇ" ಎಂದು ಮೊದಲ ವಾರವೇ ಎದೆ ತಟ್ಟಿಕೊಂಡ. ಅವನನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಕೊನೆಗೆ ಆಳು ತಿಳಿಯದೆ ಉಳಿದವು ಮೂರೇ ಹೆಸರು: ಇಬ್ಬನಿ, ಹುಲ್ಲು, ಬೀಗ. ಬಾಯಿಬಿಡದೆ ಉಳಿದವರೂ ಮೂವರೇ: ಪಿಸು, ಜಾಗಟೆ, ಇಸ್ತ್ರಿ ಅಕ್ಕ.

ಪಿಸು ಗಣಿತದಲ್ಲಿ ಪದವಿ ಮುಗಿಸಿ ದೊಡ್ಡಮ್ಮನ ಮನೆಗೆ ಬಂದವಳು. ಲಾಂಡ್ರಿಯ ಕೌಂಟರಿನ ಹಿಂದೆ ಕುಳಿತು ಬಟ್ಟೆಗಳಿಗೆ ಗುರುತಿನ ಚೀಟಿ ಪಿನ್ನು ಮಾಡುತ್ತಿದ್ದಳು. ಗಿರಾಕಿಗಳು "ಏನಂದ್ರಿ?" ಎಂದು ಎರಡು ಸಲ ಕೇಳಿದ ಮೇಲೇ ಅವಳ ಮಾತು ಅವರ ಕಿವಿಗೆ ಮುಟ್ಟುತ್ತಿತ್ತು, ಪಿಸು ಎಂಬ ಹೆಸರು ಬಂದದ್ದು ಹಾಗೆ. ಜಾಗಟೆ ದೊಡ್ಡಮ್ಮನ ಮಗಳು, ಪಿಸುವಿಗೆ ಅಕ್ಕ. ಅವಳು ನಕ್ಕರೆ ಬೀದಿಯ ಆ ತುದಿಯ ಸೈಕಲ್ ಅಂಗಡಿಯವನು ತಲೆಯೆತ್ತುತ್ತಿದ್ದ. ಬಾಯಿದ್ದವಳು ಬರಗಾಲದಲ್ಲೂ ಬದುಕಿದಳು ಎನ್ನುತ್ತಾರಲ್ಲ, ಆ ಪೈಕಿ.

ಕೂಟದ ಮೊದಲ ಲೆಕ್ಕದಲ್ಲಿ ಒಂದು ತೂತಿತ್ತು. ಒಂದು ಗೆಲುವಿನಿಂದ ಮುಂದಿನ ಗೆಲುವಿನವರೆಗಿನ ಸುತ್ತಿನಲ್ಲಿ ಯಾರ ಮಷೀನು ಎಷ್ಟು ದುಡಿದಿದೆಯೋ ಅಷ್ಟು ಪಾಲು ಎಂದಿತ್ತು. ಕೇಳಲು ನ್ಯಾಯವೇ. ಆದರೆ ಸುತ್ತು ಬೇಗ ಮುಗಿದರೆ ದುಡಿಮೆಗೆ ದಂಡಿಯಾಗಿ ಸಿಗುತ್ತಿತ್ತು, ಎಳೆದಾಡಿದರೆ ಅದೇ ದುಡಿಮೆಗೆ ಚೂರುಪಾರು. ಇದನ್ನು ಪತ್ತೆ ಹಚ್ಚಿದ ಕರೆಂಟಣ್ಣನ ಹುಲಿ, ಸುತ್ತು ಶುರುವಾದಾಗ ಕೂಟದಲ್ಲಿ ದುಡಿದು, ಎಳೆಯತೊಡಗಿದರೆ ಸದ್ದಿಲ್ಲದೆ ಬೇರೆ ಕೂಟಕ್ಕೆ ಜಿಗಿಯುತ್ತಿತ್ತು. ಗಾಣ ಎಳೆದವರು ಇವರು, ಎಣ್ಣೆ ಅವನಿಗೆ.

ಆಗ ಕೂಟದ ಹರಟೆ ಫಲಕದ ಮೇಲೆ ಇಬ್ಬನಿಯ ಹೆಸರಿನಲ್ಲಿ ಒಂದು ಬರಹ ಬಂತು. ಸುತ್ತು ಯಾವಾಗ ಶುರುವಾಯಿತು ಎನ್ನುವುದನ್ನೇ ಮರೆತುಬಿಡೋಣ. ಗೆಲುವು ಬಂದ ಗಳಿಗೆಯಿಂದ ಹಿಂದಕ್ಕೆ ಎಣಿಸಿ, ಗೊತ್ತುಮಾಡಿದಷ್ಟು ಊಹೆಗಳಲ್ಲಿ ಯಾರದು ಎಷ್ಟಿದೆಯೋ ಅಷ್ಟು ಪಾಲು ಕೊಡೋಣ. ಜಿಗಿಯುವವರಿಗೆ ಆಗ ಯಾವ ಲಾಭವೂ ಇಲ್ಲ. ಬರೆದವಳು ಪಿಸು. ಬಟ್ಟೆಗೆ ಚೀಟಿ ಚುಚ್ಚುತ್ತಲೇ ವಾರಗಟ್ಟಲೆ ತಲೆಯಲ್ಲಿ ಉರುಳಿಸಿ, ತಿದ್ದಿ ತೀಡಿ ಬರೆದಿದ್ದಳು. ಹುಲಿಯ ಹಲ್ಲು ಕಿತ್ತಂತಾಯಿತು. ಬೀದಿ ಕುಣಿದಾಡಿತು.

"ಯಾರು ಈ ಇಬ್ಬನಿ? ನೀನೇ ತಾನೆ?" ಎಂದು ಯಾರೋ ಜಾಗಟೆಯನ್ನು ಕೇಳಿದರು.

ಜಾಗಟೆ ಹೌದು ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ. ಕ್ಲಿಪ್ಪು ಬಿಚ್ಚಿ ಕೂದಲು ಕೊಡವಿ, ಗಂಟು ಹಾಕಿ, "ಹೇಳ್ಬಾರ್ದಪ್ಪ, ಅಮ್ಮನ ಆರ್ಡರು" ಎಂದು ನಕ್ಕಳು. ಅಷ್ಟು ಸಾಕಾಯಿತು. ಆ ದಿನದಿಂದ ಇಬ್ಬನಿ ಎಂದರೆ ಜಾಗಟೆ. ಹೀಗಾದ ಮೇಲೆ ಲೆಕ್ಕ ತಾನಾಗಿ ಕೂತಿತು: ತಪ್ಪದೆ ದುಡಿಯುವ ಹುಲ್ಲು ಪಿಸುವಿನದಿರಬೇಕು, ಬಹಳ ದಿನಗಳಿಂದ ಸೊನ್ನೆಯಲ್ಲೇ ನಿಂತ ಬೀಗ, ಮಷೀನು ಸುಟ್ಟುಹೋಯಿತೆಂದು ಗಂಡನ ಮುಂದೆ ಅತ್ತಿದ್ದ ಇಸ್ತ್ರಿ ಅಕ್ಕನದು.

ಪೂರ್ತಿ ನಿಜ ಗೊತ್ತಿದ್ದವಳು ಪಿಸು ಒಬ್ಬಳೇ. ಹುಲ್ಲು ಇಸ್ತ್ರಿ ಅಕ್ಕನದು. ಅವಳ ಗಂಡ ಲಾಂಡ್ರಿಯ ವ್ಯಾನು ಓಡಿಸುತ್ತಿದ್ದ. ಹೆಂಡತಿಯ ಕೈಗೆ ಬಂದದ್ದು ಸಂಜೆಯೊಳಗೆ ಅವನ ಬೆಟ್ಟಿಂಗಿಗೆ ಹೋಗುತ್ತಿತ್ತು. ಮಗಳನ್ನು ಕರೆದುಕೊಂಡು ಬೇರೆ ಬೀದಿಯಲ್ಲೊಂದು ಕೋಣೆ ಹಿಡಿಯಬೇಕೆಂದು ಅವಳು ಹುಲ್ಲಿನ ಪಾಲನ್ನು ಕೂಡಿಡುತ್ತಿದ್ದಳು. ಫೋನಿನಲ್ಲಿ ಅದನ್ನೆಲ್ಲ ಹೊಂದಿಸಿಕೊಟ್ಟವಳು ಪಿಸು. ಹೆಸರಿನ ಮುದ್ರೆ ಒತ್ತುವುದು ಹೇಗೆ ಎಂದೂ ಕಲಿಸಿದ್ದಳು: ಹೆಸರಿನ ಗುಟ್ಟಿನ ಸಂಕೇತ ಯಾರ ಫೋನಿನಲ್ಲಿದೆಯೋ ಅವರು ಏನನ್ನಾದರೂ ಬರೆದು ಮುದ್ರೆ ಒತ್ತಿದರೆ, ಟೀವಿಯಲ್ಲಿ ಆ ಹೆಸರಿನ ಕೆಳಗೆ ಬರಹ ಹಸಿರಾಗಿ ಮೂಡುತ್ತದೆ. ಬೇರೆ ಯಾರಿಂದಲೂ ಆಗದು.

"ನೀನೊಬ್ಳು ಬಾಯಿ ಮುಚ್ಕೊಂಡಿದ್ರೆ ಸಾಕು ಕಣೇ" ಎಂದಿದ್ದಳು ಇಸ್ತ್ರಿ ಅಕ್ಕ. "ನಿಂಗೆ ಅದೇನು ಕಷ್ಟ, ಹುಟ್ಟಿದಾಗಿನಿಂದ ಮುಚ್ಚೇ ಇದೆ."

ಪಿಸು ಮುಚ್ಚಿಕೊಂಡೇ ಇದ್ದಳು. ಆದರೆ ನೋಡುವುದನ್ನು ಬಿಡಲಾಗಲಿಲ್ಲ. ಜಾಗಟೆ ಬಂದರೆ ಜನ ಕುರ್ಚಿ ಸರಿಸುವುದನ್ನು ನೋಡಿದಳು. ಹಲ್ಲು ಕಿತ್ತ ಹುಲಿಯೇ "ತಾಯಿ, ನಿನ್ನ ತಲೆಗೊಂದು ನಮಸ್ಕಾರ" ಎಂದು ಕೈಮುಗಿಯುವುದನ್ನು, ಜಾಗಟೆ ಅವನ ತಲೆಗೊಂದು ಮೊಟಕುವುದನ್ನು ನೋಡಿದಳು. ತಾನು ಆರಿಸಿ ಆರಿಸಿ ಇಟ್ಟ ಒಂದು ವಾಕ್ಯವನ್ನು ಜಾಗಟೆ ಯಾರಿಗೋ ತಪ್ಪುತಪ್ಪಾಗಿ ವಿವರಿಸುತ್ತಿದ್ದಾಗ ಕೌಂಟರಿನ ಹಿಂದೆ ಪಿನ್ನು ಬೆರಳಿಗೆ ಚುಚ್ಚಿತು.

ಹೀಗಿರುವಾಗ ಬೇರೆ ಬೀದಿಗಳ ಕೂಟಗಳೂ ಇವರೊಂದಿಗೆ ಸೇರಲು ಮುಂದೆ ಬಂದವು. ಎಲ್ಲದರ ಲೆಕ್ಕ ನೋಡಿಕೊಳ್ಳಲು ಸಂಬಳದ ಮೇಲೆ ಒಬ್ಬರು ಬೇಕಾಯಿತು. ಲಾಂಡ್ರಿಯ ಮೇಲಿನ ಖಾಲಿ ಕೋಣೆ, ಮೇಜು, ಕಿಟಕಿ ಅವರಿಗೆ. "ನಿಯಮ ಬರೆದವರೇ ನೋಡ್ಕೊಳ್ಲಿ" ಎಂದರು ಎಲ್ಲರೂ. ಪಿಸು ಆ ಕೋಣೆಯನ್ನು ಗುಡಿಸುವ ನೆಪದಲ್ಲಿ ಹೋಗಿ ಕಿಟಕಿಯ ಬಳಿ ನಿಂತು ಬಂದಳು. ಬದುಕಿನಲ್ಲಿ ಅವಳಿಗೆ ಇಷ್ಟು ಬೇಕು ಎನಿಸಿದ್ದು ಬೇರೊಂದಿರಲಿಲ್ಲ.

ಭಾನುವಾರ ಮಧ್ಯಾಹ್ನ ಎಲ್ಲರೂ ಒಣಗಿಸುವ ಕೋಣೆಯಲ್ಲಿ ಸೇರಿದರು. ತಂತಿಯ ಮೇಲಿನ ಬೆಡ್‌ಶೀಟುಗಳನ್ನು ಒಂದು ಬದಿಗೆ ಸರಿಸಲಾಗಿತ್ತು. ಇಸ್ತ್ರಿ ಅಕ್ಕ ತನ್ನ ಮೂಲೆಯಲ್ಲಿ ಅಂಗಿಯ ಕಾಲರು ಒತ್ತುತ್ತಿದ್ದಳು. ಅವಳ ಗಂಡ ಗಂಟು ಹೊತ್ತುಕೊಂಡು ಬಂದವನು ಬಾಗಿಲಲ್ಲೇ ನಿಂತ.

"ನಿಯಮ ಬರೆದವರು ಯಾರೂಂತ ನಾನೇನೂ ಕೇಳಲ್ಲ, ನನ್ನ ಮಾತು ನಾನೇ ಮುರಿಯಲ್ಲ" ಎಂದಳು ದೊಡ್ಡಮ್ಮ. ಆದರೆ ಕೋಣೆಯ ಕೀಲಿಕೈ ಹಿಡಿದ ಕೈ ಮಗಳ ಕಡೆಗೇ ಚಾಚಿತ್ತು.

"ಹೆತ್ತವಳಿಗೆ ಹೆಗ್ಗಣ ಮುದ್ದು" ಎಂದ ಕರೆಂಟಣ್ಣ. "ಆದ್ರೆ ಈ ಹೆಗ್ಗಣಕ್ಕೆ ತಲೆ ಇದೆ ಬಿಡಿ!"

ಎಲ್ಲರೂ ನಕ್ಕರು. ಜಾಗಟೆ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು ಕೈ ಮುಂದೆ ಮಾಡಿದಳು.

ಪಿಸು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಫೋನು ಕೈಯಲ್ಲಿತ್ತು. ನನ್ನ ಹೆಸರನ್ನು ನಾನು ಹೇಳಿಕೊಂಡರೆ ಯಾರಿಗೇನು ಎಂದುಕೊಂಡಳು. ಬರೆದಳು. ಮುದ್ರೆ ಒತ್ತಿದಳು.

ಟೀವಿಯಲ್ಲಿ ಇಬ್ಬನಿಯ ಕೆಳಗೆ ಹಸಿರು ಅಕ್ಷರಗಳು ಮೂಡಿದವು: "ನಾನು ಪಿಸು. ಆ ನಿಯಮ ಬರೆದದ್ದು ನಾನೇ."

ಎಲ್ಲರ ತಲೆ ಒಟ್ಟಿಗೆ ಅವಳ ಕಡೆ ತಿರುಗಿತು. ಆ ಒಂದು ಗಳಿಗೆ ಎಷ್ಟು ಸಿಹಿಯಾಗಿತ್ತೆಂದರೆ ಪಿಸುವಿನ ಕಿವಿ ಬಿಸಿಯೇರಿತು. ಜಾಗಟೆಯ ಚಾಚಿದ ಕೈ ಇನ್ನೂ ಹಾಗೇ ಇತ್ತು.

"ಅಯ್ಯಯ್ಯೋ!" ಕರೆಂಟಣ್ಣ ತೊಡೆ ತಟ್ಟಿಕೊಂಡ. "ಏ ಜಾಗಟೆ, ಇಷ್ಟು ದಿನ ಸುಮ್‌ಸುಮ್ನೆ ಮೆರೆದ್ಯಾ? ಹಾಗಾದ್ರೆ ನಿಂದು ಯಾವ್ದು, ಆ ಸೊನ್ನೆ ಬೀಗಾನಾ?"

"ಬೀಗ ಇವ್ರದ್ದಾದ್ರೆ..." ಎಂದು ಬಾಗಿಲಲ್ಲಿದ್ದ ವ್ಯಾನಿನವನು ಗಂಟನ್ನು ನಿಧಾನವಾಗಿ ಕೆಳಗಿಟ್ಟ. ಅವನ ಕಣ್ಣು ಟೀವಿಯ ಮೇಲಿತ್ತು. "ಆ ಹುಲ್ಲು ಯಾರ್ದು? ಇನ್ಯಾರು ಉಳಿದ್ರು?"

ಪಿಸುವಿಗೆ ಆಗ ತಿಳಿಯಿತು. ಎಂಟರಲ್ಲಿ ಎಲ್ಲರೂ ತಂತಮ್ಮ ಹೆಸರು ಹೇಳಿಕೊಂಡು ಹೊರಗೆ ಬಂದರೆ, ಒಳಗೆ ಅಡಗಿರುವವಳಿಗೆ ಮರೆ ಎಲ್ಲಿಯದು? ಇಸ್ತ್ರಿ ಅಕ್ಕನ ಕೈಕೆಳಗಿನ ಕಾಲರಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

"ಯಾರ್ದು ಅಂದ್ರೆ? ನಂದು!" ಎಂದಳು ಜಾಗಟೆ. ಚಾಚಿದ್ದ ಕೈಯನ್ನು ಸೊಂಟಕ್ಕಿಟ್ಟಳು. "ಬೀಗ ಅಂತೆ ಬೀಗ. ನನ್ನ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ. ಹುಲ್ಲು ನಾನೇ. ಮೇಯ್ತೀರಾ?"

"ನೆಲಕ್ಕೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನೋಳು ನೀನು" ಎಂದ ಕರೆಂಟಣ್ಣ.

ವ್ಯಾನಿನವನು ನಗಲಿಲ್ಲ. "ಅವ್ರು ಮುದ್ರೆ ಒತ್ತಿ ತೋರ್ಸಿದ್ರು. ನೀವೂ ಒತ್ತಿ ತೋರ್ಸಿ."

"ತೋರಿಸ್ದೆ ಏನು?" ಜಾಗಟೆ ಫೋನು ತೆಗೆದಳು. ಅವಳ ಫೋನಿನಲ್ಲಿ ಆ ಸಂಕೇತ ಇರಲು ಸಾಧ್ಯವೇ ಇಲ್ಲವೆಂದು ಪಿಸುವಿಗೆ ಗೊತ್ತಿತ್ತು. ಜಾಗಟೆಗೂ ಗೊತ್ತಿತ್ತು. ಆದರೂ ಟಕಟಕ ಏನೋ ಒತ್ತಿದಳು. "ಈ ರೂಮಲ್ಲಿ ನೆಟ್‌ವರ್ಕು ಯಾವತ್ತು ಸಿಕ್ಕಿತ್ತು... ತಡ್ಕೊಳ್ಳಪ್ಪ, ಗಾಡೀಲಿ ಕೂತಿದ್ದೀಯಾ ಏನು, ಹಾರ್ನ್ ಹೊಡಿಯೋಕೆ?... ಅಮ್ಮಾ, ಒಂಚೂರು ಪಕ್ಕಕ್ಕೆ ನಿಂತ್ಕೋ, ಸಿಗ್ನಲ್ಲಿಗೆ ಅಡ್ಡ ಇದ್ದೀಯ..." ಎಲ್ಲರೂ ದೊಡ್ಡಮ್ಮನ ಗಾತ್ರ ನೋಡಿ ನಗತೊಡಗಿದರು. ಜಾಗಟೆ ಮಾತಾಡುತ್ತಲೇ ಇದ್ದಳು. ಒಂದು ಸಲವೂ ಮೂಲೆಯ ಕಡೆ ನೋಡಲಿಲ್ಲ.

ಮೂಲೆಯಲ್ಲಿ ಇಸ್ತ್ರಿ ಅಕ್ಕ ಬಿದ್ದ ಅಂಗಿಯನ್ನು ಎತ್ತಿಕೊಳ್ಳಲು ಮೇಜಿನ ಕೆಳಗೆ ಬಗ್ಗಿದ್ದಳು.

ಟೀವಿಯಲ್ಲಿ ಹುಲ್ಲಿನ ಕೆಳಗೆ ಹಸಿರು ಮೂಡಿತು: "ಜಾಗಟೆ ನಾನೇ. ಸುಮ್ನೆ ಕೆಲ್ಸ ನೋಡ್ಕೊಳ್ರಪ್ಪ."

"ಆಯ್ತಾ?" ಎಂದಳು ಜಾಗಟೆ, ಬರೆದವಳು ತಾನೇ ಎನ್ನುವ ಹಾಗೆ.

ವ್ಯಾನಿನವನ ಭುಜ ಇಳಿಯಿತು. "ಅಂದ್ರೆ ನಮ್ಮ ಪಾಲಿಗೆ ಸುಟ್ಟಿದ್ದೇ. ಯಾವ್ದೇ ಅದು? ಗುಜರಿಗಾದ್ರೂ ಹಾಕ್ತೀನಿ."

ಇಸ್ತ್ರಿ ಅಕ್ಕ ಎದ್ದುನಿಂತು ಧೂಳು ಹಿಡಿದ ಮಷೀನಿನ ಕಡೆ ಬೆರಳು ಮಾಡಿದಳು. ಅದು ಜಾಗಟೆಯದು, ಕೊಂಡ ತಿಂಗಳೇ ಬೇಸರ ಬಂದು ಪ್ಲಗ್ಗು ಕಿತ್ತಿಟ್ಟದ್ದು, ಆಮೇಲೆ ಕೈಯಿಂದ ಮುಟ್ಟಿರಲಿಲ್ಲ. ವ್ಯಾನಿನವನು ಅದನ್ನು ಹೊತ್ತುಕೊಂಡು ಹೋಗುವುದನ್ನು ಜಾಗಟೆ ನೋಡಿದಳು. "ಹುಷಾರಪ್ಪ, ಮೆಟ್ಲಿದೆ" ಎಂದಳು ಅಷ್ಟೆ.

ದೊಡ್ಡಮ್ಮ ಕೀಲಿಕೈಯನ್ನು ಪಿಸುವಿನ ಕೈಗೆ ಹಾಕಿ ಬೆನ್ನು ಸವರಿದಳು. "ಕಳ್ಳಿ, ಹೇಳ್ಬಾರ್ದಾ ಮೊದ್ಲೇ?" ಎಂದಳು. ಒಬ್ಬೊಬ್ಬರಾಗಿ ಬಂದು ಹೊಗಳಿದರು. ಕಾದಿದ್ದ ಮಾತುಗಳೆಲ್ಲ ಬಂದವು. ಒಂದೂ ಒಳಗೆ ಇಳಿಯಲಿಲ್ಲ.

ಜನ ಚದುರಿದ ಮೇಲೆ ಪಿಸು ಜಾಗಟೆಯ ಬಳಿ ನಿಂತಳು. "ನಿಂಗೆ ಹೇಗೆ ಗೊತ್ತಾಯ್ತು, ಇಸ್ತ್ರಿ ಅಕ್ಕಂದು ಅಂತ?"

"ಗೊತ್ತಿರ್ಲಿಲ್ಲ ಕಣೇ. ಅವ್ನು ಹುಲ್ಲು ಅಂದ ತಕ್ಷಣ ಅವಳ ಮುಖ ನೋಡ್ದೆ." ಜಾಗಟೆ ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂದಲು ಎತ್ತಿ ಕಟ್ಟಿದಳು. "ನಿಂಗೆ ಮೊದ್ಲೇ ಗೊತ್ತಿತ್ತಾ?"

ಪಿಸು ಹೌದೆಂದು ತಲೆಯಾಡಿಸಿದಳು. ಜಾಗಟೆ ಅವಳನ್ನು ಒಂದು ಗಳಿಗೆ ನೋಡಿದಳು, ಬೈಯಲಿಲ್ಲ. "ನಿನ್ನ ಹೆಸರಲ್ಲಿ ನಾನು ಮೆರೆದಿದ್ದೂ ಜಾಸ್ತೀನೇ ಆಯ್ತು ಬಿಡು" ಎಂದು ಕೆನ್ನೆ ಹಿಂಡಿ ಹೊರಟಳು. ಬೈದಿದ್ದರೆ ಚೆನ್ನಾಗಿತ್ತು.

ಪಿಸು ಮುಂದೆ ಹೋಗಿ ನಿಂತಾಗ ಇಸ್ತ್ರಿ ಅಕ್ಕ ಸುಟ್ಟ ಕಾಲರನ್ನು ಉಜ್ಜುತ್ತಿದ್ದಳು.

"ಅಕ್ಕಾ, ನಾನು ಯೋಚ್ನೆ ಮಾಡ್ಲಿಲ್ಲ."

"ಹೋಗ್ಲಿ ಬಿಡಮ್ಮ. ಕೋಣೆ ಸಿಕ್ತಲ್ಲ, ಚೆನ್ನಾಗಿ ಇಟ್ಕೋ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿಗಳೊಡನೆ ಆಡುವ ದನಿ ಅದು.

ಮೇಲಿನ ಕೋಣೆಯಲ್ಲಿ ಪಿಸು ಮಾಡಿದ ಮೊದಲ ಕೆಲಸ ಆ ಎಂಟು ಹೆಸರುಗಳನ್ನು ಅಳಿಸಿದ್ದು. ಎಲ್ಲರೂ ತಂತಮ್ಮ ಫೋನಿನಲ್ಲೇ ಹೊಸ ಹೆಸರು ಹುಟ್ಟಿಸಿಕೊಳ್ಳಬೇಕು. ಬೇರೆ ಬೀದಿಗಳವರ ಹೆಸರುಗಳೂ ಅದರಲ್ಲಿ ಬೆರೆಯುತ್ತವೆ. ಯಾರದು ಯಾವುದೆಂದು ಲೆಕ್ಕ ನೋಡುವವಳಿಗೂ ಕಾಣದು. ಬಾಯಿಬಿಟ್ಟವರ ಪಾಲು ನಿಲ್ಲುತ್ತದೆ. ಈ ಏರ್ಪಾಡನ್ನು ಕಟ್ಟಲು ಅವಳಿಗೆ ಬಹಳ ದಿನ ಹಿಡಿಯಿತು. ಇಬ್ಬನಿಯೂ ಹೋಯಿತು. ಪರೀಕ್ಷಿಸಲೆಂದು ತನ್ನ ಕಡೆಯಿಂದಲೇ ಇಣುಕಲು ನೋಡಿದಳು, ಆಗಲಿಲ್ಲ. ಕೆಲಸ ಚೆನ್ನಾಗಿ ಆಗಿತ್ತು.

ಹೊಸ ಹೆಸರುಗಳು ಟೀವಿಗೆ ಬಂದ ದಿನ ಅವಳು ಕಿಟಕಿಯ ಬಳಿ ನಿಂತಿದ್ದಳು. ಕೆಳಗೆ ಅಂಗಳದಲ್ಲಿ ಜಾಗಟೆಯೂ ಇಸ್ತ್ರಿ ಅಕ್ಕನೂ ಒಂದು ದೊಡ್ಡ ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಿಸುತ್ತಿದ್ದರು. ಮಡಿಸುತ್ತ ಮಡಿಸುತ್ತ ಹತ್ತಿರ ಬಂದಾಗ ಇಸ್ತ್ರಿ ಅಕ್ಕ ಜಾಗಟೆಯ ಕಿವಿಗೆ ಬಾಯಿಟ್ಟು ಏನೋ ಹೇಳಿದಳು. ಜಾಗಟೆ ಕಣ್ಣರಳಿಸಿದಳು, ಬಾಯಿಗೆ ಕೈ ಅಡ್ಡವಿಟ್ಟುಕೊಂಡು, ಸದ್ದು ಮಾಡದೆ ನಕ್ಕಳು.

ಹೆಸರು ಹೇಳಿದಳೇ? ಬೇರೇನಾದರೂ ಇರಬಹುದು. ಪಿಸು ಕಿಟಕಿಯಿಂದಾಚೆ ಆದಷ್ಟೂ ಬಗ್ಗಿದಳು. ಏನೂ ಕೇಳಿಸಲಿಲ್ಲ.